ಪ್ರತಿಕ್ರಿಯೆ: ಜಾಮೀನು ಸಿಕ್ಕಿ ತಿಂಗಳಾದರೂ ತಮ್ಮನನ್ನು ಬಿಟ್ಟಿಲ್ಲ
ಜಾಮೀನು ಆದೇಶವಾಗಿ ತಿಂಗಳಾದರೂ ನಿಮ್ಮ ತಮ್ಮ ಜೈಲಿನಲ್ಲೇ ಇದ್ದಾನೆ ಅಂತ ಬರೆದಿದ್ದೀರಿ. ಇಬ್ಬರು ಸ್ಥಳೀಯ ಶ್ಯೂರಿಟಿ (ಆರೋಪಿ ಕೋರ್ಟಿಗೆ ಬರುತ್ತಾನೆ ಎಂದು ಹೊಣೆ ಹೊರುವವರು) ಬೇಕು ಎಂಬ ಷರತ್ತೇ ಇಲ್ಲಿ ಅಡ್ಡಿ ಆಗಿರಬೇಕು. ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವನಿಗೆ ಪಹಣಿ ಹಿಡಿದು ಕೋರ್ಟಿಗೆ ಬರುವವರು ಎಲ್ಲಿ ಸಿಗುತ್ತಾರೆ? ಇನ್ನೊಂದು ಸಾಧ್ಯತೆಯೂ ಇದೆ. ಬೇರೆ ಕೇಸಿನ ವಾರಂಟ್ ಬಾಕಿ ಇದ್ದರೆ ಈ ಜಾಮೀನಿನಿಂದ ಬಿಡುಗಡೆ ಆಗುವುದಿಲ್ಲ. ಜೈಲು ಕಚೇರಿಯಲ್ಲಿ ಮೊದಲು ಅದನ್ನು ಕೇಳಿ.

ಅಂಥದ್ದೇನೂ ಇಲ್ಲದಿದ್ದರೆ ಸೀದಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿ ಇರುವವರಿಗೆ ಅಲ್ಲಿ ವಕೀಲರು ಉಚಿತ. ಫೋನ್ ಮಾಡುವುದಾದರೆ 15100.

ಇದು ನಿಮ್ಮ ಒಬ್ಬರ ಹೊರೆಯಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ನಿರ್ದೇಶನ ಕೊಟ್ಟಿದೆ. ಆದೇಶವಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನಿನ ಬಾಂಡ್ (ಮುಚ್ಚಳಿಕೆ ಪತ್ರ) ಕೊಡಲು ಆಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಗೆ ಹಟ ಹಿಡಿಯಬಾರದು ಅಂತಲೂ ಅದರಲ್ಲಿದೆ. ಆದರೆ ಯಾರಾದರೂ ನೆನಪಿಸದೆ ಫೈಲ್ ಅಲ್ಲಾಡುವುದು ಕಷ್ಟ, ಅಲ್ವಾ?

ಹಾಗಾಗಿ ವಕೀಲರ ಮೂಲಕ ಕೋರ್ಟಿಗೆ ಕೊಡುವ ಅರ್ಜಿಯಲ್ಲಿ ಈ ಮೂರನ್ನೂ ಕೇಳಿ: ಶ್ಯೂರಿಟಿ ಷರತ್ತು ಸಡಿಲಿಸಿ, ಶ್ಯೂರಿಟಿ ಇಲ್ಲದೆ ಅವನ ಸ್ವಂತ ಬಾಂಡ್ ಮೇಲೆ ಬಿಡಿ, ಅದಾಗದಿದ್ದರೆ ಶ್ಯೂರಿಟಿ ಹುಡುಕಲು ತಾತ್ಕಾಲಿಕ ಜಾಮೀನು ಕೊಡಿ. ಜಾಮೀನು ಆದೇಶದ ಪ್ರತಿ, ಊರಿನ ವಿಳಾಸದ ದಾಖಲೆ, ರೇಷನ್ ಕಾರ್ಡ್ ಲಗತ್ತಿಸಿ. ಯಾವ ಕೇಸ್ ಅಂತ ನೀವು ಬರೆದಿಲ್ಲ, ಆದ್ದರಿಂದ ಮೂರರಲ್ಲಿ ಯಾವುದಕ್ಕೆ ಒಪ್ಪುತ್ತಾರೆ ಅಂತ ಹೇಳಲಾರೆ. ಹಣ ಕೊಟ್ಟರೆ ಶ್ಯೂರಿಟಿ ತರುತ್ತೇನೆ ಅನ್ನುವವರ ಸಹವಾಸ ಬೇಡ. ನಕಲಿ ದಾಖಲೆ ಸಿಕ್ಕಿಬಿದ್ದರೆ ತಮ್ಮನ ಮೇಲೇ ಇನ್ನೊಂದು ಕೇಸ್ ಬೀಳಬಹುದು. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದುಕೊಳ್ಳಿ.