ಪೊಲೀಸ್ ಪ್ರಮಾಣಪತ್ರ ಬಂದರೆ ಸಾಕೇ?

ಮಾನ್ಯರೇ,

ಶಿಕ್ಷಕರಿಂದ ಹಿಡಿದು ಬಸ್ ಚಾಲಕರವರೆಗೆ ನಿಮ್ಮ ಶಾಲೆಯ ಎಲ್ಲರ ಪೊಲೀಸ್ ವೆರಿಫಿಕೇಶನ್ ಆಗಿದೆ, ಎಲ್ಲರದ್ದೂ ‘ಯಾವ ಪ್ರಕರಣವೂ ಇಲ್ಲ’ ಎಂದೇ ಬಂದಿದೆ, ಆದರೂ ಪೋಷಕರೊಬ್ಬರು ಸಾಲದು ಎನ್ನುತ್ತಾರೆ, ಇನ್ನೇನು ಬಾಕಿ ಎಂದು ಕೇಳಿದ್ದೀರಿ. ಆ ಪೋಷಕರ ಮಾತು ಸರಿ.

ಬೆರಳಚ್ಚು ತೆಗೆದುಕೊಳ್ಳದ ಕಡೆ ಪೊಲೀಸರು ಹುಡುಕುವುದು ಅರ್ಜಿಯಲ್ಲಿರುವ ಹೆಸರು, ಜನ್ಮದಿನಾಂಕ, ವಿಳಾಸಗಳನ್ನು ಹಿಡಿದುಕೊಂಡು. ಅರ್ಜಿಯಲ್ಲಿ ಬಿಟ್ಟುಹೋದದ್ದು ಉತ್ತರದಲ್ಲೂ ಬಿಟ್ಟುಹೋಗುತ್ತದೆ. 2002ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸೋಹಮ್‌ನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರನ್ನು ಕೊಂದ ಇಯಾನ್ ಹಂಟ್ಲಿ ಅಲ್ಲಿನ ಪ್ರೌಢಶಾಲೆಯ ಕೇರ್‌ಟೇಕರ್ ಆಗಿದ್ದ. ಕೆಲಸಕ್ಕೆ ಸೇರುವಾಗ ಬಳಸಿದ್ದು ನಿಕ್ಸನ್ ಎಂಬ ಹೆಸರು. ಹಂಟ್ಲಿ ಎಂಬ ಹಳೆಯ ಹೆಸರನ್ನೂ ತಿಳಿಸಿದ್ದ, ಆದರೆ ಪೊಲೀಸರು ಕಂಪ್ಯೂಟರಿನಲ್ಲಿ ಹುಡುಕಿದ್ದು ನಿಕ್ಸನ್ ಎಂದು ಮಾತ್ರ. ಅವನು ಮೊದಲು ವಾಸವಿದ್ದ ಹಂಬರ್‌ಸೈಡ್‌ನಲ್ಲಿ ಅವನ ಮೇಲೆ ಲೈಂಗಿಕ ಅಪರಾಧದ ಆರೋಪಗಳು ಮತ್ತೆ ಮತ್ತೆ ಬಂದಿದ್ದವು. ಒಂದರಲ್ಲೂ ಶಿಕ್ಷೆಯಾಗಿರಲಿಲ್ಲ, ಮಾಹಿತಿಯನ್ನು ಅಲ್ಲಿನ ಪೊಲೀಸರು ಸರಿಯಾಗಿ ಉಳಿಸಿಯೂ ಇರಲಿಲ್ಲ. ಆ ಬಳಿಕ ಬ್ರಿಟನ್ ಸರ್ಕಾರ ನೇಮಿಸಿದ ಬಿಚರ್ಡ್ ವಿಚಾರಣೆಯ 2004ರ ವರದಿ ಈ ಲೋಪಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು.

ಹಾಗಾಗಿ ಫೈಲು ತೆಗೆದು ಮೊದಲು ಅರ್ಜಿಗಳನ್ನು ನೋಡಿ. ಮದುವೆಗೆ ಮುಂಚಿನ ಹೆಸರು, ಬದಲಿಸಿಕೊಂಡ ಹೆಸರು, ಇನಿಷಿಯಲ್ ಬಿಡಿಸಿದ ಪೂರ್ಣ ಹೆಸರು, ಬೇರೆ ಬೇರೆ ದಾಖಲೆಗಳಲ್ಲಿರುವ ಬೇರೆ ಬೇರೆ ಕಾಗುಣಿತ, ಎಲ್ಲವೂ ಬರಬೇಕು. ಕಳೆದ ಐದು ವರ್ಷದ ವಿಳಾಸಗಳನ್ನು ತಿಂಗಳ ಲೆಕ್ಕದಲ್ಲಿ ಬರೆಸಿ: ಮಾರ್ಚ್‌ಗೆ ಒಂದು ಮನೆ ಮುಗಿದು ಸೆಪ್ಟೆಂಬರ್‌ಗೆ ಇನ್ನೊಂದು ಶುರುವಾದರೆ ನಡುವಿನ ಐದು ತಿಂಗಳು ಎಲ್ಲಿದ್ದರು ಎಂದು ಕೇಳಲೇಬೇಕು. ಬೇರೆ ದೇಶದಲ್ಲಿದ್ದವರಿಗೆ ಅಲ್ಲಿನ ಪ್ರಮಾಣಪತ್ರವೂ ಬೇಕು. ಗುರುತಿನ ಚೀಟಿಯ ಜೆರಾಕ್ಸ್ ಸಾಲದು, ಮೂಲ ಪ್ರತಿಯನ್ನೇ ಕೈಯಲ್ಲಿ ಹಿಡಿದು ಫೋಟೊ, ಜನ್ಮದಿನಾಂಕ ತಾಳೆ ನೋಡಿ.

ಶಾಲೆಗೆ ದೂರು ಬಂದ ಕೂಡಲೇ ಸದ್ದಿಲ್ಲದೆ ರಾಜೀನಾಮೆ ಕೊಟ್ಟು ಹೊರಟವರ ಹೆಸರು ಎಷ್ಟೋ ಬಾರಿ ಪೊಲೀಸ್ ದಾಖಲೆಯಲ್ಲಿ ಇರುವುದೇ ಇಲ್ಲ. ಅದು ಗೊತ್ತಿರುವುದು ಹಿಂದಿನ ಶಾಲೆಗೆ. ಅಭ್ಯರ್ಥಿ ತಂದ ‘ಸಂಬಂಧಪಟ್ಟವರಿಗೆ’ ಎಂಬ ಶಿಫಾರಸು ಪತ್ರವನ್ನು ನಂಬಬೇಡಿ. ಅಭ್ಯರ್ಥಿ ಕೊಟ್ಟ ಮೊಬೈಲ್ ನಂಬರ್ ಬಿಟ್ಟು, ನೀವೇ ಹುಡುಕಿದ ಶಾಲೆಯ ನಂಬರಿಗೆ ಕರೆ ಮಾಡಿ, ಮುಖ್ಯೋಪಾಧ್ಯಾಯರನ್ನು ನೇರವಾಗಿ ಕೇಳಿ: ‘ಇವರು ಏಕೆ ಬಿಟ್ಟರು? ಮತ್ತೆ ಬಂದರೆ ಸೇರಿಸಿಕೊಳ್ಳುತ್ತೀರಾ?’ ಉತ್ತರ ತಡವರಿಸಿದರೆ ಅಲ್ಲಿಗೇ ಬಿಡಬೇಡಿ, ಲಿಖಿತವಾಗಿ ಕೇಳಿ. ಈ ಒಂದು ಕರೆಯನ್ನು ದಯವಿಟ್ಟು ತಪ್ಪಿಸಬೇಡಿ.

ಗುತ್ತಿಗೆಯವರು, ಬದಲಿ ಚಾಲಕರು, ಸಂಜೆಯ ಕ್ರೀಡಾ ತರಬೇತುದಾರರು ಪಟ್ಟಿಯಿಂದ ಜಾರಿಹೋಗುವುದೇ ಹೆಚ್ಚು. ‘ಏಜೆನ್ಸಿ ನೋಡಿಕೊಂಡಿದೆ’ ಎಂದರೆ ಪ್ರತಿಯೊಬ್ಬರ ಪ್ರಮಾಣಪತ್ರವನ್ನೂ ತರಿಸಿಕೊಳ್ಳಿ.

ಪ್ರಕರಣವೊಂದು ಕಂಡರೆ ಗಾಬರಿಯಾಗಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಕ್ಕಳ ಮೇಲಿನ ಅಪರಾಧವಾಗಿದ್ದರೆ ಮಾತೇ ಇಲ್ಲ, ನೇಮಕ ಬೇಡ. ಹಳೆಯ ಗಲಾಟೆ ಕೇಸಾದರೆ ಅವರ ವಿವರಣೆ ಕೇಳಿ, ತೀರ್ಮಾನವನ್ನೂ ಕಾರಣವನ್ನೂ ಬರೆದಿಡಿ, ಆ ಕಾಗದ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಬೀಳದಿರಲಿ.

ಪ್ರಮಾಣಪತ್ರ ಹೇಳುವುದು ಅದು ಹೊರಟ ದಿನದವರೆಗಿನ ಮಾತು. ಮತ್ತೆ ಮಾಡಿಸುವ ದಿನಾಂಕವನ್ನು ಪ್ರತಿ ಹೆಸರಿನ ಮುಂದೆ ಇಂದೇ ಬರೆದಿಡಿ. ಹೊಸಬರ ಪ್ರಮಾಣಪತ್ರ ಬರುವ ತನಕ ಅವರನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ, ಐದು ನಿಮಿಷಕ್ಕೂ.

– ಸಂಪಾದಕರು