ಗೇರ್ ಬಾಕ್ಸ್ ಬಿಚ್ಚಿಸಬೇಡಿ ಸರ್, ಮೊದಲು ಕ್ಲಚ್ ಹಿಡಿದು ಕಿಕ್ ಹೊಡೆಯಿರಿ

ಸರ್, ದಯವಿಟ್ಟು ಅವಸರ ಮಾಡಬೇಡಿ. ನಿಮ್ಮ ತಂದೆಯವರ 1986ರ ಬುಲೆಟ್ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು. ಆಯುಧ ಪೂಜೆಗೆ ಹೊರಗೆ ತೆಗೆದರೆ ಫಸ್ಟ್ ಹಾಕಿದ ಕೂಡಲೇ ಖಡ್ ಅಂತ ಮುಂದಕ್ಕೆ ನೆಗೆಯುತ್ತದೆ, ನಿಲ್ಲಿಸಿದರೆ ನ್ಯೂಟ್ರಲ್ ಸಿಗುವುದಿಲ್ಲ, ನೀವು ಬೂಟು ಕಾಲಲ್ಲಿ ತುಳಿದು ಗೇರ್ ಹಾಕುತ್ತಿದ್ದೀರಿ, ಮೆಕ್ಯಾನಿಕ್ ಗೇರ್ ಸೆಟ್ ಹೋಗಿದೆ ಅಂದಿದ್ದಾರೆ. ನೀವು ಇಲ್ಲಿ ಬರೆದು ಕೇಳಿರುವುದು ಇಷ್ಟೇ ಅಲ್ವಾ? ಹನ್ನೆರಡು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದೂ ಬಲಗಡೆ ಗೇರಿನ ಹಳೇ ಗಾಡಿ, ಫಸ್ಟ್ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಊರು ಸಕಲೇಶಪುರದ ಕಡೆ. ಜೂನ್‌ನಲ್ಲಿ ಒಳಗಿಟ್ಟರೆ ಅಕ್ಟೋಬರ್‌ಗೇ ಹೊರಗೆ. ಆ ವರ್ಷ ಗೇರ್ ಬೀಳಲಿಲ್ಲ ಅಂತ ನಾನೂ ತುಳಿದೆ. ಎರಡೇ ದಿನಕ್ಕೆ ಲಿವರ್ ಸಡಿಲವಾಯಿತು, ಆಮೇಲೆ ಒಳಗೆ, ಒಂದು ತುಳಿತಕ್ಕೆ ಒಂದು ಗೇರ್ ಜರುಗಿಸುವ ರ‍್ಯಾಚೆಟ್ ಸ್ಪ್ರಿಂಗ್ ಮುರಿಯಿತು. ಒಂದು ಗ್ಯಾರೇಜಿಗೆ ಕೊಟ್ಟೆ. ಬಾಕ್ಸ್ ಬಿಚ್ಚಿದರು, ಎರಡು ಗೇರ್ ಬದಲಾಯಿಸಿದರು, ಬುಷ್ ಹಾಕಿದರು. ಮೂರು ವಾರ ಆಯಿತು. ಗಾಡಿ ವಾಪಸ್ ಬಂತು. ಮತ್ತೆ ಅದೇ ಖಡ್, ಅದೇ ನೆಗೆತ.

ಕೊನೆಗೆ ಹಾಸನದಲ್ಲಿ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಹತ್ತಿರ ತಗೊಂಡು ಹೋದೆ. ಅವರು ಮೊದಲಿಗೆ ಸ್ಪ್ಯಾನರ್ ಮುಟ್ಟಲೇ ಇಲ್ಲ. ಇಗ್ನಿಷನ್ ಆಫ್ ಮಾಡಿ, ಕ್ಲಚ್ ಪೂರ್ತಿ ಹಿಡಿದು, ನಿಧಾನವಾಗಿ ಒಂದು ಕಿಕ್ ಒತ್ತಿದರು. ಕಿಕ್ ಇಂಜಿನ್ನಿನೊಳಗಿನ ಒತ್ತಡಕ್ಕೆ, ಅಂದರೆ ಕಂಪ್ರೆಷನ್‌ಗೆ ಬಂದು ನಿಂತಿತು. "ಕ್ಲಚ್ ಹಿಡಿದರೂ ಇಂಜಿನ್ ತಿರುಗ್ತಿದೆ ನೋಡಿ" ಅಂದರು. ಎಡಗಡೆ ಕವರ್ ತೆಗೆದರೆ ಕ್ಲಚ್ ಪ್ಲೇಟುಗಳೆಲ್ಲ ಮಳೆಗಾಲದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅದಕ್ಕೇ ಕ್ಲಚ್ ಹಿಡಿದರೂ ಇಂಜಿನ್ ಗೇರ್ ಬಾಕ್ಸನ್ನು ತಿರುಗಿಸುತ್ತಲೇ ಇತ್ತು, ಖಡ್ ಅನ್ನುತ್ತಿತ್ತು. ನಾನು ಚೀಲದಲ್ಲಿ ತಂದಿದ್ದ ಹಳೇ ಗೇರುಗಳನ್ನು ನೋಡಿದರು. ಹಲ್ಲು, ಡಾಗ್ (ಪಕ್ಕದ ಗೇರಿಗೆ ಸಿಕ್ಕಿಕೊಳ್ಳುವ ಉಬ್ಬುಗಳು) ಎಲ್ಲಾ ಚೆನ್ನಾಗಿಯೇ ಇದ್ದವು. ಒಳ್ಳೆಯ ಒರಿಜಿನಲ್ ಗೇರ್ ತೆಗೆಸಿ ಡೂಪ್ಲಿಕೇಟ್ ಹಾಕಿಸಿಕೊಂಡಿದ್ದೆ. ಆ ನೋವು ಇವತ್ತಿಗೂ ಇದೆ.

ಹಾಗಾಗಿ ನೀವು ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಈ ಪರೀಕ್ಷೆ ಮಾಡಿ. ಬುಲೆಟ್‌ನಲ್ಲಿ ಕಿಕ್ ಗೇರ್ ಬಾಕ್ಸ್ ಮೂಲಕ, ಕ್ಲಚ್ ದಾಟಿ ಇಂಜಿನ್‌ಗೆ ಹೋಗುತ್ತದೆ. ಕ್ಲಚ್ ಹಿಡಿದಾಗ ಪ್ಲೇಟುಗಳು ಬಿಟ್ಟುಕೊಂಡಿದ್ದರೆ ಕಿಕ್ ಖಾಲಿ ಖಾಲಿ ಹೋಗಬೇಕು. ಕಂಪ್ರೆಷನ್ ಸಿಕ್ಕಿತು ಅಂದರೆ ಪ್ಲೇಟ್ ಅಂಟಿದೆ. ಹಿಡಿದುಕೊಂಡೇ ಐದಾರು ಸಲ ಜೋರಾಗಿ ಕಿಕ್ ಹೊಡೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಪಟ್ ಅಂತ ಬಿಡುತ್ತದೆ. ಬಿಡದಿದ್ದರೆ ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಸಿ ಮಾಡಿ ಆಫ್ ಮಾಡಿ. ಫೋರ್ತ್ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಫೋರ್ತ್‌ನಲ್ಲೇ ಯಾಕೆ ಅಂದರೆ ತಳ್ಳಿದ ಬಲ ಕ್ಲಚ್ ಮೇಲೆ ಜಾಸ್ತಿ ಬೀಳುವುದು ಅದರಲ್ಲೇ. ಸೆಂಟರ್ ಸ್ಟ್ಯಾಂಡ್ ಮೇಲೆ ಗೇರ್ ಹಾಕಿ ಓಡಿಸಿ ಬ್ರೇಕ್ ಹೊಡೆಯಿರಿ ಅಂತ ಯಾರೋ ನಿಮಗೆ ಇಲ್ಲಿ ಹೇಳಿದ್ದಾರೆ. ಬೇಡ. ಸ್ಟ್ಯಾಂಡಿನಿಂದ ಜಾರಿದರೆ ಗಾಡಿ ನಿಮ್ಮನ್ನೂ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ಮಾತು. ಇಂಜಿನ್ ಆಫ್ ಇದ್ದಾಗ ನಿಂತಲ್ಲೇ ಗೇರ್ ಬೀಳಲಿಲ್ಲ ಅಂತ ಗೇರ್ ಬಾಕ್ಸನ್ನು ಬೈಯಬೇಡಿ. ಡಾಗ್‌ಗಳು ಎದುರುಬದುರು ನಿಂತಿದ್ದರೆ ಹೊಸ ಗಾಡಿಯಲ್ಲೂ ಬೀಳುವುದಿಲ್ಲ. ಗಾಡಿ ಸ್ವಲ್ಪ ಅಲ್ಲಾಡಿಸುತ್ತಾ ಹಾಕಿ. ಹಾಗೆ ನಾಲ್ಕೂ ಬಿದ್ದು, ಇಂಜಿನ್ ಓಡುವಾಗ ಮಾತ್ರ ತೊಂದರೆ ಅಂದರೆ ಅದು ಕ್ಲಚ್ಚೇ. ಅಲ್ಲಾಡಿಸಿದರೂ ಬೀಳದಿದ್ದರೆ ಮಾತ್ರ ರ‍್ಯಾಚೆಟ್ ಕಡೆ ನೋಡಿ. ಅಲ್ಲೂ ಮೊದಲು ಗೇರ್ ಲಿವರ್ ಎಲ್ಲಿಯ ತನಕ ಹೋಗಬೇಕು ಅಂತ ತಡೆಯುವ ಸ್ಟಾಪ್ ಪ್ಲೇಟ್ ಜರುಗಿದೆಯಾ ನೋಡಿ. ಮುಟ್ಟುವ ಮೊದಲು ಗೀರು ಹಾಕಿ ಗುರುತು ಮಾಡಿಕೊಳ್ಳಿ, ಕೂದಲೆಳೆಯಷ್ಟು ಜರುಗಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ನ್ಯೂಟ್ರಲ್ ಫೈಂಡರ್ (ಒಂದೇ ಒತ್ತಿಗೆ ನ್ಯೂಟ್ರಲ್ ತರುವ ಚಿಕ್ಕ ಲಿವರ್) ಕೆಲಸ ಮಾಡುತ್ತಿಲ್ಲ ಅಂತಲೂ ಬರೆದಿದ್ದೀರಿ. ಅದು ಫಸ್ಟ್‌ನಿಂದ ಕೆಲಸ ಮಾಡುವುದಿಲ್ಲ. ಸೆಕೆಂಡ್, ಥರ್ಡ್, ಫೋರ್ತ್‌ನಿಂದ, ಕ್ಲಚ್ ಹಿಡಿದು ಒತ್ತಬೇಕು.

ಪ್ಲೇಟ್ ಬಿಟ್ಟ ಮೇಲೂ ಖಡ್ ಅಂದರೆ ಅಡ್ಜಸ್ಟ್‌ಮೆಂಟ್. ಎಲ್ಲರೂ ಹ್ಯಾಂಡಲ್ ಹತ್ತಿರವೇ ತಿರುಗಿಸುತ್ತಾರೆ, ಅದು ತಪ್ಪು. ಕೇಬಲ್ ಪೂರ್ತಿ ಸಡಿಲ ಬಿಡಿ. ಗೇರ್ ಬಾಕ್ಸ್ ಕವರಿನ ಚಿಕ್ಕ ಮುಚ್ಚಳ ತೆಗೆದರೆ ಲಾಕ್ ನಟ್, ಸ್ಕ್ರೂ ಕಾಣುತ್ತದೆ. ಸ್ಕ್ರೂ, ಕ್ಲಚ್ಚನ್ನು ತಳ್ಳಿ ಬಿಡಿಸುವ ಪುಶ್ ರಾಡ್‌ಗೆ ತಾಗುವ ತನಕ ಒಳಗೆ ತಿರುಗಿಸಿ, ಅಲ್ಲಿಂದ ಅರ್ಧ ಸುತ್ತು ಹೊರಗೆ, ಲಾಕ್ ಮಾಡಿ. ಆಮೇಲೆ ಮೇಲೆ ಕ್ಲಚ್ ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಆಟ, ಅಂದರೆ ಸಡಿಲ, ಬಿಡಿ. ಆಟ ಜಾಸ್ತಿಯಾದರೆ ಗೇರ್ ಬೀಳುವುದಿಲ್ಲ, ಆಟವೇ ಇಲ್ಲದಿದ್ದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಕೇಬಲ್ ಒಣಗಿದ್ದರೆ ಎಣ್ಣೆ ಬಿಡಿ. ಸವೆದಿದ್ದರೆ ಬದಲಾಯಿಸಿ, ಅಗ್ಗದ ಡೂಪ್ಲಿಕೇಟ್ ಮಾತ್ರ ಹಾಕಬೇಡಿ. ಅದು ಎಳೆದುಕೊಂಡೇ ಹೋಗುತ್ತದೆ, ಮಾಡಿದ ಅಡ್ಜಸ್ಟ್‌ಮೆಂಟ್ ವಾರದಲ್ಲಿ ಮುಗಿಯಿತು.

ಕ್ಲಚ್ ಕವರ್ ತೆಗೆಯಲೇಬೇಕಾದರೆ ಎಡಗಡೆ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಬಿಚ್ಚಿ. ಕವರ್‌ಗೆ ನಡುವೆ ಒಂದೇ ನಟ್. ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇಡುವುದು ಮರೆಯಬೇಡಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ನೋಡಿ, ಅಲ್ಲಾಡಿದರೆ ಬಾಗಿದೆ. ಸ್ವಲ್ಪ ತುಕ್ಕಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿದರೆ ಸಾಕು. ಜೋಡಿಸುವಾಗ ಸ್ಪ್ರಿಂಗ್‌ಗಳನ್ನೆಲ್ಲ ಒಂದೇ ಸಮ ಬಿಗಿ ಮಾಡಿ, ಯಾರಾದರೂ ಕ್ಲಚ್ ಹಿಡಿಯಲಿ, ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ನೇರವಾಗಿ ಏಳುತ್ತದಾ ನೋಡಿ. ಓರೆಯಾಗಿ ಎದ್ದರೆ ಮತ್ತೆ ಅದೇ ಗೋಳು.

ಆಯಿಲ್ ಬಗ್ಗೆ ಇಲ್ಲಿ ದಿನಾ ಜಗಳ. ನನ್ನ ಮಟ್ಟಿಗೆ ಸರ್ವೋ, ಕ್ಯಾಸ್ಟ್ರಾಲ್ ಯಾವುದಾದರೂ ಸರಿ. ಡಬ್ಬದ ಹಿಂದೆ ಜಾಸೋ ಎಂಎ ಅಂತ ಇರಲಿ, ಎಣ್ಣೆಯಲ್ಲಿ ತಿರುಗುವ ಬೈಕ್ ಕ್ಲಚ್ಚಿಗೆ ಆಗುತ್ತದೆ ಅನ್ನುವ ಗುರುತು ಅದು. ಕ್ಲಚ್ ಕಡೆಗೆ ಕಾರಿನ ಆಯಿಲ್ ಹಾಕಬೇಡಿ, ಉಳಿದಿದೆ ಅಂತಲೂ ಹಾಕಬೇಡಿ. ಗೇರ್ ಬಾಕ್ಸಿಗೆ 90 ನಂಬರಿನ ದಪ್ಪ ಗೇರ್ ಆಯಿಲ್ ಜೊತೆ ತೆಳು ಗ್ರೀಸ್ ಹಾಕುವ ಪದ್ಧತಿ ಇದೆ, ಸೋರುವುದು ಕಡಿಮೆಯಾಗುತ್ತದೆ. ಆದರೆ ವೀಲ್ ಬೇರಿಂಗಿನ ಗಟ್ಟಿ ಗ್ರೀಸ್ ತುಂಬಿಸಿದರೆ ಗೇರ್ ಅದರಲ್ಲಿ ದಾರಿ ಕೊರೆದುಕೊಂಡು ಒಣಗಿ ತಿರುಗುತ್ತದೆ. ಗೇರ್ ಆಯಿಲ್ ಡಬ್ಬದ ಮೇಲೆ ದರ್ಜೆ ಜಿಎಲ್ 5 ಅಂತ ಬರೆದಿದ್ದರೆ ನಾನು ಹಾಕುವುದಿಲ್ಲ, ಹಿತ್ತಾಳೆಗೆ ಅದು ಆಗುವುದಿಲ್ಲ ಅನ್ನುತ್ತಾರೆ, ಒಳಗೆ ಹಿತ್ತಾಳೆ ಬಣ್ಣದ ಬುಷ್‌ಗಳಿವೆ. ಜಿಎಲ್ 4 ಸಾಕು.

ಈಗ ನಾನು ಪ್ರತಿ ಮಳೆಗಾಲ ಮಾಡುವ ಕೆಲಸ. ಹಳೇ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಕ್ಲಚ್ ಲಿವರನ್ನು ಹಿಡಿಕೆಗೆ ಒತ್ತಿ ಕಟ್ಟಿಬಿಡುತ್ತೇನೆ. ಪ್ಲೇಟುಗಳು ಬೇರೆ ಬೇರೆ ಇರುತ್ತವೆ, ಅಂಟುವುದೇ ಇಲ್ಲ. ಸ್ಪ್ರಿಂಗ್ ಹಾಳಾಗುತ್ತದೆ ಅಂತ ಹೆದರಿಸುವವರಿದ್ದಾರೆ. ಹನ್ನೆರಡು ಮಳೆಗಾಲ ಕಳೆಯಿತು, ಅದೇ ಸ್ಪ್ರಿಂಗ್. ಆದರೆ ಕೇಬಲ್ ಹಳೆಯದಾಗಿದ್ದರೆ ಕಟ್ಟಬೇಡಿ, ಎಳೆ ಬಿಚ್ಚಿಕೊಳ್ಳುತ್ತದೆ. ಗಾಡಿ ಗೇರಿನಲ್ಲಿದ್ದರೂ ತಡೆ ಇರುವುದಿಲ್ಲ, ಇಳಿಜಾರಿನಲ್ಲಿ ನಿಲ್ಲಿಸಬೇಡಿ, ಮಕ್ಕಳಿರುವ ಮನೆಯಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿಯೇ ಇಡಿ. ಹೊರಗೆ ತೆಗೆಯುವಾಗ ಮೊದಲು ಟ್ಯೂಬ್ ಬಿಚ್ಚಿ. ಬಿಚ್ಚದೆ ಎಷ್ಟು ಕಿಕ್ ಹೊಡೆದರೂ ಖಾಲಿ ಹೋಗುತ್ತದೆ, ಇಂಜಿನ್ ತಿರುಗುವುದೇ ಇಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇನೆ ಅಂದಿದ್ದೀರಿ. ಅದನ್ನು ನಿಲ್ಲಿಸಿ ಸರ್. ಸೈಲೆನ್ಸರ್, ಆಯಿಲ್ ಎರಡರಲ್ಲೂ ನೀರು ಸೇರುತ್ತದೆ, ಅದು ಆರುವಷ್ಟು ಬಿಸಿ ಬರುವುದಿಲ್ಲ. ಓಡಿಸಿದರೆ ಹದಿನೈದು ಕಿಲೋಮೀಟರ್ ಓಡಿಸಿ, ಇಲ್ಲದಿದ್ದರೆ ಸುಮ್ನೆ ಬಿಡಿ.

ನಾಳೆ ಕ್ಲಚ್ ಹಿಡಿದು ಕಿಕ್ ಒತ್ತಿದಾಗ ಏನಾಯಿತು ಅಂತ ಇಲ್ಲೇ ಹಾಕಿ. ಅಲ್ಲಿಯ ತನಕ ಗ್ಯಾರೇಜಿಗೆ ಅಡ್ವಾನ್ಸ್ ಕೊಡಬೇಡಿ. ಕೊಟ್ಟಾಗಿದ್ದರೆ ಬಿಚ್ಚಿದ ಗೇರುಗಳನ್ನು ಒಂದೂ ಬಿಡದೆ ಮನೆಗೆ ತನ್ನಿ.