ಪೋರ್ಟ್ ಮಾಡಿದ ಮೇಲೂ ಹಳೆಯ ಕಂಪನಿ ಪೋಸ್ಟ್‌ಪೇಯ್ಡ್ ಬಾಕಿ ಕೇಳ್ತಿದೆ, ಲೀಗಲ್ ನೋಟಿಸ್ ಅಂತಿದ್ದಾರೆ. ಕಟ್ಟಬೇಕಾ, ಬಿಡಬೇಕಾ?

ಸದ್ಯಕ್ಕೆ ಎರಡೂ ಬೇಡ. ಮೊದಲು ಬಿಲ್ಲನ್ನು ತರಿಸಿಕೊಳ್ಳಿ.

ನೀವು ಬರೆದಿರುವ ಪ್ರಕಾರ ಮಾರ್ಚ್‌ನಲ್ಲಿ ನಂಬರ್ ಬೇರೆ ಕಂಪನಿಗೆ ಹೋಗಿದೆ. ಈಗ ಜೂನ್‌ನಲ್ಲಿ ಹಳೆಯವರು ಎರಡು ಸಾವಿರದ ಮುನ್ನೂರು ಚಿಲ್ಲರೆ ಬಾಕಿ ಅಂತ ದಿನಾ ಫೋನ್ ಮಾಡ್ತಿದ್ದಾರೆ, ವಾಟ್ಸಾಪ್‌ಗೆ ಒಂದು ನೋಟಿಸ್ ಬಂದಿದೆ, ಸಿಬಿಲ್ (ಸಾಲ ಕೊಡುವವರು ನೋಡುವ ಕ್ರೆಡಿಟ್ ವರದಿ) ಹಾಳಾಗುತ್ತೆ ಅಂತ ಹೆದರಿಸಿದ್ದಾರೆ. ಆದರೆ ಆ ದುಡ್ಡು ಯಾವ ತಿಂಗಳದ್ದು, ಯಾವ ನಂಬರಿನದ್ದು ಅನ್ನುವುದು ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಫೋನ್ ಮಾಡಿದವರೂ ಹೇಳಿರಲಿಕ್ಕಿಲ್ಲ. ಸಾಮಾನ್ಯವಾಗಿ ಅವರು ಕಂಪನಿಯವರಲ್ಲ, ವಸೂಲಿ ಏಜೆನ್ಸಿಯವರು. ಅವರ ಮುಂದಿರುವ ಪಟ್ಟಿಯಲ್ಲಿ ಹೆಸರು, ನಂಬರು, ಮೊತ್ತ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅವರ ಹತ್ತಿರ ಜಗಳ ಆಡಿ ಗಂಟಲು ಒಣಗಿಸಿಕೊಳ್ಳಬೇಡಿ. ‘ಬಿಲ್ ಕಳಿಸಿ, ನೋಡಿ ಉತ್ತರ ಕೊಡ್ತೀನಿ’ ಅಂದು ಇಟ್ಟುಬಿಡಿ.

ಬಿಲ್ ನೋಡದೆ ‘ಕಟ್ಟಲ್ಲ’ ಅನ್ನಬೇಡಿ ಅಂತ ಹೇಳಲು ಕಾರಣ ಇದೆ. ಇಂಥ ಬಾಕಿಗಳಲ್ಲಿ ಬಹಳಷ್ಟು ಸಲ ಅರ್ಧ ನ್ಯಾಯವಾಗಿಯೇ ಇರುತ್ತದೆ. 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ಪೋರ್ಟಿಂಗ್ ನಿಯಮದಲ್ಲಿ, ಆಗಲೇ ಬಂದು ಗಡುವು ಮೀರಿದ ಬಿಲ್ ಬಾಕಿ ಇದ್ದರೆ 1900ಕ್ಕೆ ಮೆಸೇಜ್ ಕಳಿಸಿದರೂ ಪೋರ್ಟ್ ಮಾಡಲು ಬೇಕಾದ ಯುಪಿಸಿ ಕೋಡ್ ಸಿಗುವುದಿಲ್ಲ. ನಿಮಗೆ ಕೋಡ್ ಸಿಕ್ಕಿದೆ, ನಂಬರೂ ಹೋಗಿದೆ. ಅಂದರೆ ಆವತ್ತಿಗೆ ಗಡುವು ಮೀರಿದ ಹಳೆಯ ಬಿಲ್ಲುಗಳೆಲ್ಲ ಚುಕ್ತಾ ಆಗಿದ್ದವು ಅಂತ ಕಂಪನಿಯೇ ಒಪ್ಪಿದ ಹಾಗಾಯಿತು. ಈಗ ಅವರು ಆವತ್ತಿಗೇ ಗಡುವು ಮುಗಿದಿದ್ದ ಬಿಲ್ಲಿನ ಬಾಕಿ ಅಂದರೆ ಆ ಯುಪಿಸಿ ಮೆಸೇಜೇ ನಿಮ್ಮ ಸಾಕ್ಷಿ. ಡಿಲೀಟ್ ಮಾಡಿರದಿದ್ದರೆ ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೆ ಕೊನೆಯ ಬಿಲ್ ಆದ ದಿನದಿಂದ ಪೋರ್ಟ್ ಆದ ದಿನದವರೆಗೆ ನೀವು ಮಾತಾಡಿದ್ದೀರಿ, ಡೇಟಾ ಬಳಸಿದ್ದೀರಿ. ಅದಕ್ಕೆ ಆಮೇಲೆ ಒಂದು ಕೊನೆಯ ಬಿಲ್ ಬರುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಅದನ್ನು ಕಟ್ಟಲೇಬೇಕು. ಕಟ್ಟದೆ ಬಿಟ್ಟರೆ ಹಳೆಯ ಕಂಪನಿ ಹೊಸ ಕಂಪನಿಗೆ ಹೇಳಿ ನಿಮ್ಮ ನಂಬರನ್ನೇ ನಿಲ್ಲಿಸುವುದಕ್ಕೆ ನಿಯಮದಲ್ಲಿ ದಾರಿಯಿದೆ. ಬ್ಯಾಂಕು, ಆಧಾರ್ ಎಲ್ಲ ಅದೇ ನಂಬರಿಗೆ ಜೋಡಿಸಿಕೊಂಡಿರುವವರು ‘ಏನ್ ಮಾಡ್ಕೋತಾರೋ ಮಾಡ್ಕೊಳ್ಲಿ’ ಅನ್ನುವ ಧೈರ್ಯ ತೋರಿಸಬಾರದು.

ಉಳಿದರ್ಧ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಉದಾಹರಣೆ. ಕಂಪನಿ ಯಾವುದು ಅನ್ನುವುದು ಬೇಡ. ಅಣ್ಣ ಫ್ಯಾಮಿಲಿ ಪ್ಲಾನ್ ತಗೊಂಡಿದ್ದ. ಮುಖ್ಯ ನಂಬರು ಅವನದು, ಜೊತೆಗೊಂದು ‘ಫ್ರೀ’ ಆಡ್-ಆನ್ ಸಿಮ್. ಮುಖ್ಯ ನಂಬರನ್ನು ಪೋರ್ಟ್ ಮಾಡಿದ, ಆಡ್-ಆನ್ ಸಿಮ್ ಅತ್ತಿಗೆಯ ಹಳೆಯ ಫೋನಿನಲ್ಲಿ ಡ್ರಾಯರ್ ಸೇರಿತು. ತಿಂಗಳುಗಳು ಕಳೆದ ಮೇಲೆ ವಸೂಲಿ ಕರೆ ಶುರುವಾಯಿತು. ಸ್ಟೋರಿಗೆ ಹೋದಾಗ ಅಲ್ಲಿನ ಹುಡುಗ ಮಾನಿಟರ್ ನಮ್ಮ ಕಡೆ ತಿರುಗಿಸಿ ತೋರಿಸಿದ: ಅಣ್ಣನ ನಂಬರಿನ ಎದುರು ‘ಪೋರ್ಟೆಡ್ ಔಟ್’, ಅದರ ಕೆಳಗಿನ ಸಾಲಿನಲ್ಲಿ ಆಡ್-ಆನ್ ನಂಬರು, ಎದುರಿಗೆ ಹಸಿರು ಅಕ್ಷರದಲ್ಲಿ ‘ಆಕ್ಟಿವ್’. ಮುಖ್ಯ ನಂಬರು ಹೋದ ಕೂಡಲೇ ಅದು ಆಡ್-ಆನ್ ಆಗಿ ಉಳಿಯದೆ ಸ್ವತಂತ್ರ ಕನೆಕ್ಷನ್ ಆಗಿ, ಪೂರ್ತಿ ಬಾಡಿಗೆ ಏರುತ್ತಾ ಕೂತಿತ್ತು. ಒಂದು ಕರೆಯನ್ನೂ ಮಾಡದ ಸಿಮ್ಮಿಗೆ! ಪೋರ್ಟ್ ಆಗುವುದು ಒಂದು ನಂಬರು ಮಾತ್ರ, ಇಡೀ ಖಾತೆ ಮುಚ್ಚುವುದಿಲ್ಲ. ಪೋರ್ಟ್ ಮೆಸೇಜ್ ಕಳಿಸಿದೊಡನೆ ‘ಸಾರ್ ಹೋಗಬೇಡಿ, ಅರ್ಧ ಬೆಲೆಗೆ ಕೊಡ್ತೀವಿ’ ಅಂತ ಕರೆ ಮಾಡುವವರು ಇದನ್ನು ಮಾತ್ರ ಹೇಳುವುದಿಲ್ಲ.

ಹಾಗಾಗಿ ಬಿಲ್ ಕೈಗೆ ಬಂದಾಗ ಮೊದಲ ಪುಟದ ದಪ್ಪಕ್ಷರದ ಮೊತ್ತ ಬಿಟ್ಟು ಒಳಗಿನ ಪುಟ ನೋಡಿ. ಯಾವ ನಂಬರು, ಯಾವ ದಿನದಿಂದ ಯಾವ ದಿನದವರೆಗೆ, ಬಾಡಿಗೆ ಎಷ್ಟು, ತಡ ಶುಲ್ಕ ಎಷ್ಟು. ವ್ಯಾಲ್ಯೂ ಆಡೆಡ್ ಸರ್ವಿಸ್ ಅಂತ ಕ್ರಿಕೆಟ್ಟು, ಜ್ಯೋತಿಷ್ಯ, ಗೇಮ್ಸು ಏನಾದರೂ ಸೇರಿದ್ದರೆ ಒಪ್ಪಿಗೆ ಯಾವಾಗ ಕೊಟ್ಟೆ ಅಂತ ಕೇಳಿ. ಅದಕ್ಕೆ ಎರಡೆರಡು ಸಲ ಗ್ರಾಹಕನ ಒಪ್ಪಿಗೆ ಬೇಕು ಅಂತ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ 2013ರಲ್ಲೇ ಆದೇಶ ಮಾಡಿದೆ.

ಇನ್ನು ದೂರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಕೂಗಾಡಿದ್ದು ದೂರಲ್ಲ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಎಸ್ಸೆಮ್ಮೆಸ್ ಬಂದರೆ ಮಾತ್ರ ಅದು ದೂರು. 2012ರ ಟ್ರಾಯ್ ನಿಯಮದ ಪ್ರಕಾರ ಅದನ್ನು ಕೊಡುವುದು ಅವರ ಕರ್ತವ್ಯ, ಕೇಳಿ ತಗೊಳ್ಳುವುದು ನಿಮ್ಮ ಹಕ್ಕು. ‘ಸಿಸ್ಟಮ್‌ನಲ್ಲಿ ಹಾಕಿದೀನಿ ಸಾರ್, ಆಗುತ್ತೆ’ ಅನ್ನುವ ಮಾತಿಗೆ ಮರುಳಾಗಬೇಡಿ. ಅದೇ ವಿಷಯವನ್ನು ಈಮೇಲಿನಲ್ಲೂ ಹಾಕಿ. ಉದ್ದ ಬೇಡ: ‘ನನ್ನ ಇಂಥ ನಂಬರು ಇಂಥ ದಿನ ಪೋರ್ಟ್ ಆಗಿದೆ. ಅದರ ನಂತರದ ಬಾಡಿಗೆ ನನಗೆ ಒಪ್ಪಿಗೆ ಇಲ್ಲ. ಅಲ್ಲಿಯವರೆಗಿನ ಮೊತ್ತವನ್ನು ಬಿಡಿಸಿ ತೋರಿಸಿದರೆ ಕಟ್ಟುತ್ತೇನೆ. ಈ ಖಾತೆಯಲ್ಲಿ ಬೇರೆ ಯಾವುದೇ ನಂಬರ್ ಚಾಲ್ತಿಯಲ್ಲಿದ್ದರೆ ಇವತ್ತೇ ನಿಲ್ಲಿಸಿ.’ ಕೊನೆಯ ವಾಕ್ಯವನ್ನು ಮರೆಯಬೇಡಿ, ಇಲ್ಲದಿದ್ದರೆ ಜಗಳ ಮುಗಿಯುವುದರೊಳಗೆ ಇನ್ನೆರಡು ಬಿಲ್ ಹುಟ್ಟಿರುತ್ತವೆ.

ಉತ್ತರ ಬರಲಿಲ್ಲ, ಅಥವಾ ‘ಬಿಲ್ ಸರಿಯಾಗಿದೆ’ ಅಂತ ಒಂದು ಸಾಲಿನಲ್ಲಿ ದೂರು ಮುಚ್ಚಿದರು ಅಂತಿಟ್ಟುಕೊಳ್ಳಿ. ಹೆಚ್ಚಿನವರು ಇಲ್ಲಿ ಸುಸ್ತಾಗಿ ಕಟ್ಟಿಬಿಡುತ್ತಾರೆ, ಇಲ್ಲವೇ ಟ್ವಿಟರ್‌ನಲ್ಲಿ ಬೈಯುತ್ತಾರೆ. ಇದರ ಮೇಲೆ ಅಪೆಲೇಟ್ ಅಥಾರಿಟಿ, ಅಂದರೆ ಮೇಲ್ಮನವಿ ಕೇಳುವ ಪ್ರಾಧಿಕಾರ, ಅಂತ ಒಂದಿದೆ. ಅದೂ ಕಂಪನಿಯ ಒಳಗಿನದೇ, ಆದರೆ ಅದರ ಸಲಹಾ ಸಮಿತಿಯಲ್ಲಿ ಗ್ರಾಹಕ ಸಂಘಟನೆಯ ಪ್ರತಿನಿಧಿಯೂ ಇರುತ್ತಾರೆ. ಶುಲ್ಕವಿಲ್ಲ. ದೂರು ಮುಚ್ಚಿದ 30 ದಿನದೊಳಗೆ ಡಾಕೆಟ್ ನಂಬರ್ ಹಾಕಿ ಈಮೇಲ್ ಮಾಡಬೇಕು, ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ವಿಳಾಸ ಕಂಪನಿಯ ಜಾಲತಾಣದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಕರ್ನಾಟಕ ವಲಯದ್ದೇ ಹುಡುಕಿ. ಅಣ್ಣನದು ಬಗೆಹರಿದದ್ದು ಇಲ್ಲಿಯೇ: ಆಡ್-ಆನ್ ಬಾಡಿಗೆ ರದ್ದಾಯಿತು, ಪೋರ್ಟ್‌ವರೆಗಿನ ಚಿಲ್ಲರೆ ಕಟ್ಟಿ ‘ನೋ ಡ್ಯೂಸ್’ ಪತ್ರ ತಗೊಂಡ. ನೇರವಾಗಿ ಟ್ರಾಯ್‌ಗೆ ಬರೆಯುತ್ತೇನೆ ಅನ್ನುವವರಿಗೆ ಒಂದು ಮಾತು: ಟ್ರಾಯ್ ಒಬ್ಬೊಬ್ಬ ಗ್ರಾಹಕನ ಬಿಲ್ಲಿನ ತಕರಾರನ್ನು ತೀರ್ಮಾನಿಸುವುದಿಲ್ಲ. ಬರೆದರೆ ಮತ್ತೆ ಕಂಪನಿಗೇ ಕಳಿಸುತ್ತದೆ.

ವಾಟ್ಸಾಪ್ ನೋಟಿಸ್ ವಿಷಯಕ್ಕೆ ಬಂದರೆ, ವಕೀಲರ ಲೆಟರ್‌ಹೆಡ್‌ನಲ್ಲಿ ಇಷ್ಟು ಕಟ್ಟಿ ಅಂತ ಇದ್ದರೆ ಅದು ಬೇಡಿಕೆ ಪತ್ರ, ಕೋರ್ಟಿನ ಸಮನ್ಸ್ ಅಲ್ಲ. ಡಾಕೆಟ್ ನಂಬರ್ ಹಾಕಿ ‘ಮೊತ್ತ ವಿವಾದದಲ್ಲಿದೆ’ ಅಂತ ಒಂದು ಉತ್ತರ ಕಳಿಸಿ. ಪೊಲೀಸ್, ಅರೆಸ್ಟ್ ಅಂತ ಮಾತಾಡಿದರೆ ರೆಕಾರ್ಡ್ ಮಾಡಿಕೊಳ್ಳಿ; ಬಿಲ್ ತಕರಾರಿಗೆ ಯಾರೂ ಜೈಲಿಗೆ ಹಾಕುವುದಿಲ್ಲ. ಲೋಕ ಅದಾಲತ್ ಹೆಸರಿದ್ದರೆ ಮಾತ್ರ ಸರಿಯಾಗಿ ಓದಿ. ಮಾಮೂಲಿ ಲೋಕ ಅದಾಲತ್‌ನಲ್ಲಿ ನೀವು ಒಪ್ಪದೆ ರಾಜಿ ಆಗುವುದಿಲ್ಲ. ಆದರೆ ‘ಕಾಯಂ ಲೋಕ ಅದಾಲತ್’ ಅಂತಿದ್ದರೆ ಅದು ಬೇರೆ. ಟೆಲಿಫೋನ್ ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿದೆ, ರಾಜಿ ಆಗದಿದ್ದರೂ ಅವರು ತೀರ್ಪು ಕೊಡಬಹುದು. ಅದಕ್ಕೆ ಹಾಜರಾಗಿ.

ಸಿಬಿಲ್ ಬೆದರಿಕೆ ಪೂರ್ತಿ ಸುಳ್ಳಲ್ಲ, ಟೆಲಿಕಾಂ ಬಾಕಿಯೂ ಅಲ್ಲಿ ಕಾಣಿಸಿಕೊಳ್ಳಬಹುದು. ಹೋಮ್ ಲೋನ್ ಹತ್ತಿರದಲ್ಲಿದ್ದರೆ ವರದಿ ತೆಗೆದು ನೋಡಿ, ತಪ್ಪಿದ್ದರೆ ಅಲ್ಲೇ ಆನ್‌ಲೈನ್‌ನಲ್ಲಿ ತಕರಾರು ಹಾಕಿ.

ಇದ್ಯಾವುದೂ ಆಗದಿದ್ದರೆ ಗ್ರಾಹಕರ ಆಯೋಗ. 2009ರ ಒಂದು ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ ‘ಟೆಲಿಫೋನ್ ತಕರಾರು ಇಲ್ಲಿ ನಡೆಯಲ್ಲ’ ಅಂತ ಕಂಪನಿಗಳು ವರ್ಷಾನುಗಟ್ಟಲೆ ತಪ್ಪಿಸಿಕೊಂಡವು. ಅದಕ್ಕೆ ತೆರೆ ಬಿದ್ದದ್ದು 2022ರ ಫೆಬ್ರವರಿ 16ರಂದು. ಅಹಮದಾಬಾದಿನ ಗ್ರಾಹಕರೊಬ್ಬರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ಲು 2013ರ ನವೆಂಬರ್-ಡಿಸೆಂಬರ್‌ನಲ್ಲಿ ಒಮ್ಮೆಲೇ 24,609 ರೂಪಾಯಿ ಬಂದಿತ್ತು. ಅವರು 2014ರಲ್ಲಿ ದೂರು ಕೊಟ್ಟರು. ವೊಡಾಫೋನ್ ಆ ‘ಅಧಿಕಾರವಿಲ್ಲ’ ವಾದವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತು, ಅಲ್ಲಿ ಸೋತಿತು. ಯಾವ ಬಾಗಿಲು ತಟ್ಟಬೇಕು ಅನ್ನುವುದು ತೀರ್ಮಾನವಾಗಲಿಕ್ಕೇ ಎಂಟು ವರ್ಷ! ನಿಮಗೆ ಆ ತಾಪತ್ರಯ ಇಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು, ವಕೀಲರು ಕಡ್ಡಾಯವಲ್ಲ. ಆದರೂ ಎರಡು ಸಾವಿರಕ್ಕೆ ಬೆಂಗಳೂರಿನ ಶಾಂತಿನಗರದ ಆಯೋಗಕ್ಕೆ ಅಲೆಯುವುದು ಸಿಟ್ಟು ಆರದಿದ್ದವರಿಗೆ ಮಾತ್ರ ಅಂತ ನನ್ನ ಅನಿಸಿಕೆ. ಅದಕ್ಕೆ ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಒಂದು ದೂರು ಹಾಕಿ ನೋಡಿ.

ಬಿಲ್ ಬಂದ ಮೇಲೆ ಹೆಸರು, ನಂಬರು ಮುಚ್ಚಿ ಒಳಪುಟದ ಫೋಟೋ ಇಲ್ಲಿ ಹಾಕಿ. ಪೋರ್ಟ್ ಆದ ದಿನಾಂಕವನ್ನೂ, ಫ್ಯಾಮಿಲಿ ಪ್ಲಾನ್ ಇತ್ತಾ ಇಲ್ಲವಾ ಅನ್ನುವುದನ್ನೂ ಬರೆಯಿರಿ. ಎಷ್ಟು ಕಟ್ಟಬೇಕಾಗಬಹುದು ಅಂತ ಒಟ್ಟಿಗೆ ಲೆಕ್ಕ ಹಾಕೋಣ.